ಮೊದಲು ಹಾಕಬೇಕಾದ ಪ್ಲೇಟು

ಅಮ್ಮನ ಗ್ಯಾಸ್ ಒಲೆಯ ಮೇಲೆ ಕಾಯಿಸಿ ತೂರಿಸಿದ ಕಾಲರ್, ಬೇರಿಂಗನ್ನು ಬಿಗಿಹಿಡಿಯುವ ಕಬ್ಬಿಣದ ಬಳೆ, ತಣ್ಣಗಾಗಿ, ಹಳೆಯ ಫಿಯೆಟ್ಟಿನ ಹಿಂದಿನ ಆಕ್ಸಲ್ಲನ್ನು ಕಚ್ಚಿ ಹಿಡಿದ ಮೇಲೆ ಸಿದ್ದೇಶನ ಕಣ್ಣು ಗೋಣಿಚೀಲದ ಮೇಲಿದ್ದ ಪ್ಲೇಟಿನ ಮೇಲೆ ಬಿತ್ತು.

ನಾಲ್ಕು ತೂತಿನ, ಅಂಗೈಯಗಲದ ಪ್ಲೇಟು. ಅದನ್ನು ಬೇರಿಂಗಿಗಿಂತ ಮೊದಲೇ ಪೋಣಿಸಬೇಕಿತ್ತು. ಓಡುವಾಗ ಚಕ್ರ ಕಿತ್ತು ಬರದಂತೆ ಹಿಡಿಯುವುದು ಅದೇ. ಈಗ ಕಾಲರನ್ನು ಉಳಿಯಿಂದ ಸೀಳಬೇಕು, ಹೊಸ ಬೇರಿಂಗನ್ನು ಬಡಿದು ಹಾಳುಮಾಡಿಯೇ ಕೀಳಬೇಕು. ಇನ್ನೊಂದು ಸಿಗುವುದು ಶಿವಮೊಗ್ಗದಲ್ಲಿ. ಇವತ್ತು ಭಾನುವಾರ, ಅಂಗಡಿ ಮುಚ್ಚಿರುತ್ತದೆ. ನಾಳೆ ಬೆಳಿಗ್ಗೆ ಹೊನ್ನಾಳಿಯಲ್ಲಿ ತಂಗಿ ಮಮತಾಳ ಹೊಸ ಮನೆಯ ಗೃಹಪ್ರವೇಶ.

ಸಿದ್ದೇಶ ಸುತ್ತಿಗೆ ಎಸೆದ. "ಎದುರಿಗೇ ಕುಂತಿದ್ಯಲ್ಲಪ್ಪ, ನಿಂಗೂ ಕಾಣ್ಲಿಲ್ವಾ?"

ಹಳೇ ಟೈರಿನ ಮೇಲೆ ಕುಳಿತಿದ್ದ ಅಪ್ಪ ಚಿಕ್ಕಹನುಮಂತಪ್ಪ ಬೀಡಿ ಆರಿಸಿದ. "ಕಾಣ್ತು."

"ಮತ್ತೆ ಹೇಳಾಕೇನಾಗಿತ್ತು?"

"ಬಾಯ್ ಮುಚ್ಕಂಡು ಕುಂತ್ಕ ಅಂದ್ಯಲ್ಲ. ಓನರು ಹಂಗಂದ್ಮೇಲೆ ಡ್ರೈವರು ಮಾತಾಡಬಾರ್ದು."

ಅಂದದ್ದು ನಿಜ. ಜಾಕಿ ಓರೆಯಾಗೈತೆ, ನಟ್ಟಿಗೆ ಎಣ್ಣೆ ಬಿಡು ಎಂದು ಬೆಳಗಿನಿಂದ ಅಪ್ಪನ ಬಾಯಿ ನಿಂತಿರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಕೆಲಸ ಮಾಡುತ್ತಿದ್ದ ಸಿದ್ದೇಶ ರೇಗಿಬಿಟ್ಟಿದ್ದ.

"ನಾನೇನು ಬೆನಕಪ್ಪನಾ?"

"ಕೂಗಿದ್ದು ಹಂಗೇ ಇತ್ತು."

ನ್ಯಾಮತಿಯ ಅಡಿಕೆ ಮಂಡಿ ಬೆನಕಪ್ಪನವರಿಗಾಗಿ ಅಪ್ಪ ಮೂವತ್ತೊಂದು ವರ್ಷ ಓಡಿಸಿದ ಕಾರು ಇದು. ಒಂದು ದಿನವೂ ಹಿಂದಿನ ಸೀಟಿನಲ್ಲಿ ಕೂತವನಲ್ಲ. ಒರೆಸುವಾಗಲೂ ಹೊರಗೆ ನಿಂತೇ ಕೈ ಚಾಚುತ್ತಿದ್ದ. ಅದು ಗುಜರಿಗೆ ಹೋಯಿತೆಂದು ತಿಳಿದಾಗ, ಲೈನ್‌ಮನ್ ಆಗಿದ್ದ ಸಿದ್ದೇಶ ಹೋಗಿ ದುಡ್ಡು ಕೊಟ್ಟು ಎಳೆಸಿಕೊಂಡು ಬಂದಿದ್ದ. ನಾಳೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು, ಮಂಡಿಯ ಮುಂದೆಯೇ ಹಾದು ಹೊನ್ನಾಳಿಗೆ ಹೋಗಬೇಕೆಂದಿದ್ದ.

"ನಾಳೆ ಏಳು ಗಂಟೆಗೆ ಬಸ್ಸೈತೆ," ಬಾಗಿಲಿನಿಂದ ಅಮ್ಮ ಮೂಕಮ್ಮ ಕೂಗಿದಳು. "ಅದ್ಕಾದ್ರೆ ನನ್ನ ಒಲೆ ಮೇಲೆ ಏನೂ ಕಾಯ್ಸೋದು ಬ್ಯಾಡ."

ಸಿದ್ದೇಶ ಉಳಿ ಹಿಡಿದು ಹೊಡೆದ. ಅದು ಜಾರಿ ಬೆರಳ ಗೆಣ್ಣು ತರಚಿತು. ಇನ್ನೊಮ್ಮೆ ಹೊಡೆದ. ಮತ್ತೆ ಜಾರಿತು.

"ಎಲ್ಲಿ ಹೊಡೀಲಿ, ಹೇಳಪ್ಪ."

ಅಪ್ಪ ಇನ್ನೊಂದು ಬೀಡಿ ತೆಗೆದ.

"ನಾನು ಹಂಗನ್ನಬಾರ್ದಿತ್ತು. ಹೇಳು."

ಚಿಕ್ಕಹನುಮಂತಪ್ಪ ಮೊಣಕಾಲು ಹಿಡಿದು ಎದ್ದು ಬಂದ. ಕಾಲರಿನ ಮೇಲೆ ಹೆಬ್ಬೆರಳಿಟ್ಟ. "ಇಲ್ಲಿ. ಸಿಟ್ಟಿನಾಗೆ ಹೊಡೀಬ್ಯಾಡ."

ಐದನೇ ಏಟಿಗೆ ಕಾಲರ್ ಸೀಳಿತು. ಬೇರಿಂಗ್ ಬಿಡುವ ಹೊತ್ತಿಗೆ ಅದರ ಗುಂಡುಗಳು ಅಂಗಳದ ಮಣ್ಣಿನಲ್ಲಿ ಚೆಲ್ಲಿದ್ದವು. ಅಪ್ಪ ಪ್ಲೇಟನ್ನೆತ್ತಿ ಟವೆಲ್ಲಿನಿಂದ ಒರೆಸಿ, ಬೋಳು ಆಕ್ಸಲ್ಲಿಗೆ ಪೋಣಿಸಿದ. ಅದರ ಮೇಲೆ ಹಾಕಲು ಏನೂ ಇರಲಿಲ್ಲ.

ಆಮೇಲೆ ಜಾಕಿಯ ಮೇಲೆ ಒಂದು ಕಡೆ ವಾಲಿದ್ದ ಕಾರಿನ ಹಿಂದಿನ ಬಾಗಿಲು ತೆಗೆದು, ಟವೆಲ್ಲಿನ ಇನ್ನೊಂದು ಚುಂಗಿನಿಂದ ಸೀಟು ಒರೆಸತೊಡಗಿದ, ಹೊರಗೆ ನಿಂತೇ.