ಫ್ಯಾನ್ಸಿ ಅತ್ತೆ ಕೊಟ್ಟ ಸರ

ಮಗು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಎರಡು ತುತ್ತು ತಿಂದರೆ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಿತ್ತು. ಅಪ್ಪ ಹಠ ಎಂದ, ಅಮ್ಮ ಅಜೀರ್ಣ ಎಂದಳು. ಜಂತುಹುಳದ ಔಷಧ ಕುಡಿಸಿದ್ದೂ ಆಯಿತು, ಗುಣ ಕಾಣಲಿಲ್ಲ.

ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ಮಗುವಿನ ಸೋದರತ್ತೆ. ಬಸ್ ನಿಲ್ದಾಣದ ಎದುರು ಸರ, ಓಲೆ, ಕ್ಲಿಪ್ಪು ಮಾರುವ ಪುಟ್ಟ ಅಂಗಡಿ ಅವಳದು. ಬೀದಿಯ ಮಕ್ಕಳೆಲ್ಲ ಅವಳನ್ನು ಫ್ಯಾನ್ಸಿ ಅತ್ತೆ ಎಂದೇ ಕರೆಯುತ್ತಿದ್ದರು. ಅಣ್ಣನ ಮಗಳೆಂದರೆ ಅವಳಿಗೆ ಪ್ರಾಣ.

ಒಂದು ಮಧ್ಯಾಹ್ನ ಲಸಿಕೆಯ ವಿಷಯ ಹೇಳಲು ನರ್ಸಮ್ಮ ಮನೆಗೆ ಬಂದಳು. ಮಗು ಅತ್ತೆಯ ತೊಡೆಯ ಮೇಲೆ ಕೂತು ತನ್ನ ಕೊರಳಿನ ಸರದ ಪದಕ ಚೀಪುತ್ತಿತ್ತು. ನರ್ಸಮ್ಮ ಅದನ್ನು ಒರೆಸಿ ನೋಡಿದಳು. ಹೊಳಪು ಸವೆದು ಒಳಗಿನ ಬೂದು ಲೋಹ ಕಾಣುತ್ತಿತ್ತು.

"ಯಾವಾಗ್ಲೂ ಹೀಗೇ ಚೀಪ್ತಾಳಾ?"

"ನಾನೇ ಕೊಟ್ಟಿದ್ದು. ಬಿಚ್ಚೋಕೇ ಬಿಡಲ್ಲ," ಎಂದಳು ಅತ್ತೆ, ಹೆಮ್ಮೆಯಿಂದ.

ನರ್ಸಮ್ಮನ ಒತ್ತಾಯಕ್ಕೆ ರಕ್ತಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸೀಸ ಸಿಕ್ಕಿತು. ಪ್ರಯೋಗಾಲಯಕ್ಕೆ ಕಳಿಸಿದ ಪದಕದಲ್ಲೂ ಸೀಸವಿತ್ತು, ಜೊತೆಗೆ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ.

ಅತ್ತೆಗೆ ಒಂದಕ್ಕೊಂದು ತಾಳೆಯಾಗಲಿಲ್ಲ. ವಿಷವೆಂದರೆ ಬಾಟಲಿಯ ಮೇಲೆ ತಲೆಬುರುಡೆಯ ಚಿತ್ರ ಇರಬೇಕು. ಈ ಸರದ ಪ್ಯಾಕೆಟ್ಟಿನ ಮೇಲಿದ್ದದ್ದು ನಗುವ ಮೊಲ. ಕುದಿಯುವ ನೀರಲ್ಲಿ ತೊಳೆದರೆ ಹೋಗುವುದಿಲ್ಲವೇ ಎಂದು ಕೇಳಿದಳು. ವಿಷ ಲೋಹದಲ್ಲೇ ಬೆರೆತಿದೆ, ತೊಳೆದರೂ ಹೋಗದು, ಕಣ್ಣಿಗೂ ಕಾಣದು ಎಂದಳು ನರ್ಸಮ್ಮ. ಮಕ್ಕಳ ಒಡವೆಯಲ್ಲಿ ಇಂಥ ಲೋಹ ಮಿತಿ ಮೀರಿ ಇರಬಾರದೆಂದು ಕಾನೂನೇ ಇದೆ ಎಂದೂ ತಿಳಿಸಿದಳು. ಇದರಿಂದ ಅತ್ತೆಯ ಗೊಂದಲ ಇಮ್ಮಡಿಯಾಯಿತು.

"ಕಾನೂನು ಇದ್ಮೇಲೆ ಇದು ನನ್ನ ಅಂಗಡಿಗೆ ಹೇಗೆ ಬಂತು?"

"ಕಾನೂನು ತಾನಾಗೇ ಬಂದು ಬಾಗಿಲು ಕಾಯಲ್ಲಕ್ಕಾ. ಮಾರೋರೂ ಕೇಳ್ಬೇಕು, ಕೊಳ್ಳೋರೂ ಕೇಳ್ಬೇಕು."

ಅತ್ತೆ ಸಗಟು ವ್ಯಾಪಾರಿಯ ಬಳಿ ಹೋಗಿ, ಪರೀಕ್ಷೆ ಮಾಡಿಸಿದ ಪ್ರಮಾಣಪತ್ರ ಎಲ್ಲಿ ಎಂದಳು. ಅದು ಆಟಿಕೆಗೆ ಬೇಕು, ಒಡವೆಗಲ್ಲ ಎಂದ. ಆಮೇಲೆ ಇದು ದೊಡ್ಡವರ ಮಾಲು ಎಂದ. ಮೊಲದ ಚಿತ್ರ ತೋರಿಸಿದಾಗ, ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲವಲ್ಲ ಎಂದು ಗೊಣಗಿದ. ಆ ಕೊನೆಯ ಮಾತು ಮಾತ್ರ ನಿಜವೆಂದು ಅವಳಿಗೆ ಅನಿಸಿತು. ಅಂಗಡಿಯ ಮಕ್ಕಳ ಸರಗಳನ್ನೆಲ್ಲ ಇಳಿಸಿ, ದೂರಿನ ಜೊತೆ ಅಧಿಕಾರಿಗಳಿಗೆ ಒಪ್ಪಿಸಿದಳು.

ಆದರೆ ಮಾರಿಹೋದ ಸರಗಳ ಗತಿ? ಅಂಗಡಿ ಮುಂದೆ ಹಾದುಹೋಗುವ ತಾಯಂದಿರನ್ನೆಲ್ಲ ನಿಲ್ಲಿಸಿ ವಿಷಯ ಹೇಳತೊಡಗಿದಳು. ಒಬ್ಬಾಕೆ ಸಿಡುಕಿದಳು.

"ನಿನ್ನೆ ಚೆನ್ನಾಗಿದೆ ಅಂತ ಮಾರಿದ್ದೂ ನೀನೇ, ಇವತ್ತು ಬೇಡ ಅನ್ನೋಳೂ ನೀನೇ. ಯಾವುದನ್ನ ನಂಬೋದು?"

"ನಿನ್ನೆ ನಂಗೆ ಗೊತ್ತಿರ್ಲಿಲ್ಲಮ್ಮ. ಇವತ್ತು ಗೊತ್ತಾಗಿದೆ."

ಆಕೆಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ಮಗಳ ಕೊರಳಿನ ಸರ ಬಿಚ್ಚಿ ಅತ್ತೆಯ ಕೈಗಿಟ್ಟು ಹೋದಳು.

ವೈದ್ಯರ ಕಣ್ಗಾವಲಲ್ಲಿ ಮಗುವಿನ ರಕ್ತದಲ್ಲಿ ಸೀಸ ನಿಧಾನವಾಗಿ ಇಳಿಯಿತು. ಊಟ ಸೇರತೊಡಗಿತು. ಇನ್ನೂ ಕೆಲಕಾಲ ಪರೀಕ್ಷೆ ತಪ್ಪಿಸಬಾರದು ಎಂದಿದ್ದಾರೆ ವೈದ್ಯರು. ಅಪ್ಪ ಅಮ್ಮ ಈಗ ಎಲ್ಲಿ ತಯಾರಾಯಿತೆಂದು ತಿಳಿಯದ ಅಗ್ಗದ ಒಡವೆಯನ್ನು ಮನೆಯೊಳಗೆ ಬಿಡುವುದಿಲ್ಲ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗುವಿನ ಕೊರಳು, ಕಿವಿ, ಕೈಗಳಲ್ಲಿ ಏನಿದೆ ಎಂದು ಈಗಲೇ ಒಮ್ಮೆ ನೋಡಿ. ಮಗು ಅದನ್ನು ಬಾಯಿಗಿಡುತ್ತಿದ್ದರೆ ತೆಗೆದಿಡಿ, ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ಕೊಳ್ಳುವಾಗ ಪರೀಕ್ಷೆಯಾಗಿದೆಯೇ ಎಂದು ಕೇಳಿ, ಮಾರುವವರು ತಡವರಿಸಿದರೆ ಬರಿಗೈಯಲ್ಲಿ ಬನ್ನಿ. ಯಾರ ಮಾತು ಸರಿಯೋ ತಿಳಿಯದೆ ನಿಮಗೂ ಗೊಂದಲವಾಗಬಹುದು. ಅದು ತೀರಲಿ ಎಂದು ಕಾಯಬೇಡಿ. ಮೊದಲು ಬಿಚ್ಚಿಡಿ, ಆಮೇಲೆ ವಿಚಾರಿಸಿ.