ಅಂಗಡಿಯ ಫೋಟೋದಲ್ಲಿದ್ದ ಕುದುರೆ

ನನ್ನ ಮಗಳು ಕೂತಿದ್ದ ಕುದುರೆ ಹಿಂಗಾಲ ಮೇಲೆ ಎದ್ದು ನಿಂತಾಗ ನಾನು ಚಪ್ಪಾಳೆ ಹೊಡೆಯುತ್ತಿದ್ದೆ. ಉಳಿದದ್ದನ್ನೆಲ್ಲ ಮರೆತರೂ ಆ ಚಪ್ಪಾಳೆಯನ್ನು ಮರೆಯಲಾರೆ. ಮೂರು ವಾರವಾಯಿತು. ಅಂಗಡಿಯಲ್ಲಿ ಸೀರೆ ಕೊಡವುವಾಗ ಪಟ್ ಎಂದು ಸದ್ದಾದರೆ ಈಗಲೂ ಮಗಳು ಎಲ್ಲಿದ್ದಾಳೆ ಎಂದು ತಿರುಗಿ ನೋಡುತ್ತೇನೆ.

ನಾನು ಗುರುಪಾದ. ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದು ಕೈಮಗ್ಗದ ಸೀರೆ ಅಂಗಡಿ, ಅಜ್ಜನ ಕಾಲದ್ದು. ಮಗಳು ಚಿನ್ನುಗೆ ಒಂಬತ್ತು ವರ್ಷ. ಸೈಕಲ್ಲಿಗೂ ಹೆದರುವ ಹುಡುಗಿ ಈ ಬೇಸಿಗೆ ರಜೆಯ ಮೊದಲ ದಿನ ಊಟಕ್ಕೆ ಕೂತಾಗ, ತಾನು ಕುದುರೆ ಸವಾರಿ ಕಲಿಯುತ್ತೇನೆ ಎಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ಹಾಗಾಯಿತು ಎಂದು ನಮ್ಮವ್ವ ಗೌರವ್ವ ಮೊಮ್ಮಗಳನ್ನು ಚುಡಾಯಿಸಿದಳು. ಚಿನ್ನು ನಗಲಿಲ್ಲ. ಒಂದು ವಾರ ಬೆನ್ನು ಬಿಡಲಿಲ್ಲ.

ನಮ್ಮ ಕಡೆ ಮಕ್ಕಳಿಗೆ ಕುದುರೆ ಕಲಿಸುವ ಜಾಗ ಎರಡೇ. ಮೊದಲನೆಯದು ನರೇಗಲ್ ದಾರಿಯಲ್ಲಿ ಮೋದಿನಸಾಬರದು. ಅವರು ಮೂವತ್ತು ವರ್ಷ ಮದುವೆ ಮೆರವಣಿಗೆಗೆ ಕುದುರೆ ಕೊಟ್ಟವರು. ಹಲಗೆ ವಾದ್ಯ ಬಡಿದ ಕೂಡಲೇ ಕುಣಿಯುವಂತೆ ಕುದುರೆಯನ್ನು ಪಳಗಿಸುವುದರಲ್ಲಿ ಸುತ್ತಲಿನ ಊರಲ್ಲೆಲ್ಲ ಅವರದೇ ಹೆಸರು. ಎರಡು ವರ್ಷದ ಹಿಂದೆ ಆ ಕಸುಬು ಬಿಟ್ಟು, ಬೇರೆ ಎರಡು ಸಾಧು ಕುದುರೆ ತಂದು ಮಕ್ಕಳಿಗೆ ಕಲಿಸುತ್ತಿದ್ದಾರೆ. ಅಲ್ಲಿ ಬೋರ್ಡಿಲ್ಲ, ಒಂದು ಬೇವಿನ ಮರ, ಒಂದು ತಗಡಿನ ಶೆಡ್ಡು ಇವೆ. ಮೊದಲ ಹದಿನೈದು ದಿನ ಮಗು ಕುದುರೆ ಏರುವಂತಿಲ್ಲ ಎಂಬುದು ಅವರ ನಿಯಮ. ಲದ್ದಿ ಬಳಿದು ಬುಟ್ಟಿಗೆ ತುಂಬಬೇಕು, ಮೈ ತಿಕ್ಕಬೇಕು, ಹಗ್ಗ ಹಿಡಿದು ಅಡ್ಡಾಡಿಸಬೇಕು. ಅಷ್ಟೇ ಅಲ್ಲ, ಅಪ್ಪನೋ ಅವ್ವನೋ ಜೊತೆಗಿದ್ದು ಅದನ್ನೆಲ್ಲ ಮಾಡಬೇಕು.

ಚಿನ್ನುವನ್ನು ಅಲ್ಲಿಗೆ ಕರೆದುಕೊಂಡು ಹೋದಾಗ, ನಾನೂ ಲದ್ದಿ ಬಳಿಯಬೇಕೇ ಎಂದು ಕೇಳಿದೆ. ಮೋದಿನಸಾಬರು ನನ್ನ ಇಸ್ತ್ರಿ ಅಂಗಿಯನ್ನು ನೋಡಿದರು.

“ಕುದುರಿ ಎಂಥಾದ್ದು ಅಂತ ತಿಳೀದ ಏರಬಾರದ್ರಿ ಸಾವಕಾರ್ರ. ಕೂಸಿಗೂ ತಿಳೀಬೇಕು, ನಿಮಗೂ ತಿಳೀಬೇಕು.”

ಚಿನ್ನು ಆಗಲೇ ಒಂದು ಬ್ರಷ್ ಎತ್ತಿಕೊಂಡಿದ್ದಳು. ಅದನ್ನು ಕೆಳಗಿಡಿಸಿ ಕಾರಿಗೆ ಕರೆದುಕೊಂಡು ಬಂದೆ. ಮೂರು ತಲೆಮಾರಿನ ಅಂಗಡಿ ಮಾಲೀಕ ಲದ್ದಿ ಬಳಿಯುವುದೆಂದರೇನು?

ಎರಡನೆಯದು ರೋಣ ರಸ್ತೆಯ ಕ್ಲಬ್ಬು. ಬಿಳಿ ಬಣ್ಣದ ಬೇಲಿ, ಹೆಲ್ಮೆಟ್ಟು, ಬೂಟು, ಕೊನೆಗೆ ಸರ್ಟಿಫಿಕೇಟು. ಕಲಿಕೆಯ ಮೊದಲ ದಿನವೇ ಸವಾರಿ. ಮ್ಯಾನೇಜರ್ ನಿಂಗರಾಜ ನಮಗೆ ತಣ್ಣನೆಯ ಮಜ್ಜಿಗೆ ಕೊಟ್ಟು, ಪುಣೆಯ ರೇಸಿನಿಂದ ತಂದದ್ದೆಂದು ಪ್ರಿನ್ಸ್ ಎಂಬ ಕುದುರೆಯನ್ನು ತೋರಿಸಿದ. ಕಂದು ಮೈ, ಹಣೆಯ ಮೇಲೆ ವೀಳ್ಯದೆಲೆಯಷ್ಟು ಬಿಳಿ ಮಚ್ಚೆ. ಚಿನ್ನು ಅದರ ಮುಂದೆ ಬಹಳ ಹೊತ್ತು ನಿಂತಳು.

“ಪಪ್ಪಾ, ಈ ಕುದುರಿ ನಮ್ಮ ಅಂಗಡ್ಯಾಗ ಐತಿ.”

ನಿಂಗರಾಜ ನಕ್ಕ. ನಾನು ಅವನಿಗಿಂತ ಜೋರಾಗಿ ನಕ್ಕು, ನಮ್ಮ ಅಂಗಡಿಯಲ್ಲಿರುವುದು ಸೀರೆ ಎಂದೆ. ಅಲ್ಲೇ ಫಾರ್ಮಿಗೆ ಸಹಿ ಹಾಕಿದೆ.

ನಮ್ಮ ಮನೆತನದಲ್ಲಿ ಯಾವ ಶುಭಕಾರ್ಯವೂ ಹಲಗೆಯಿಲ್ಲದೆ ಶುರುವಾಗುವುದಿಲ್ಲ. ಹೊಸ ಟ್ರ್ಯಾಕ್ಟರ್ ಬಂದಾಗ ಬಡಿಸಿದ್ದೆವು, ಚಿನ್ನು ಮೊದಲ ದಿನ ಶಾಲೆಗೆ ಹೋದಾಗಲೂ ಬಡಿಸಿದ್ದೆವು. ಇನ್ನು ಕುದುರೆ ಏರುವ ದಿನ ಸುಮ್ಮನಿರುವುದುಂಟೇ? ಕ್ಲಬ್ಬಿನವರಿಗೂ ತಿಳಿಸದೆ ಮುಶಿಗೇರಿಯ ಹೊಳಿಯಪ್ಪನಿಗೆ, ಜೊತೆಗೆ ಮೂವರನ್ನು ಕರೆದುಕೊಂಡು ಬಾ ಎಂದು ಹೇಳಿದ್ದೆ. ಹೆಂಡತಿ ನೀಲಾ ಶಾಲೆಯ ತರಬೇತಿಗೆಂದು ಗದಗಿಗೆ ಹೋಗಿದ್ದಳು, ಅವಳಿಗೆ ವಿಡಿಯೋ ಕಳಿಸುವುದು ನನ್ನ ಆಸೆ. ಅವ್ವ ಜೊತೆಗೆ ಬಂದಿದ್ದಳು.

ಚಿನ್ನು ಏರಿ ಕೂತಳು. ನಿಂಗರಾಜ ಹಗ್ಗ ಹಿಡಿದು ಎರಡು ಸುತ್ತು ಹಾಕಿಸಿದ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತದ್ದು ನೋಡಿ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬೇಲಿಯ ಹೊರಗಿದ್ದ ಹೊಳಿಯಪ್ಪನಿಗೆ ಕೈ ಮಾಡಿದೆ.

ಹಲಗೆಯ ಮೊದಲ ಪೆಟ್ಟಿಗೇ ಕುದುರೆ ನಿಂತಿತು. ಕಿವಿ ನಿಮಿರಿದವು. ಒಂದು ಮುಂಗಾಲು ಎತ್ತಿತು, ಇಳಿಸಿತು, ಇನ್ನೊಂದು ಎತ್ತಿತು, ಸರಿಯಾಗಿ ತಾಳಕ್ಕೆ. ಪುಣೆಯ ಕುದುರೆಗೆ ನಮ್ಮ ಹಲಗೆ ಹೇಗೆ ಗೊತ್ತು ಎಂದು ನನಗೆ ಹೊಳೆಯಲೇ ಇಲ್ಲ. ಕುದುರೆ ಕುಣಿದರೆ ಹಲಗೆಯವರು ಇನ್ನೂ ಜೋರಾಗಿ ಬಡಿಯಬೇಕು, ಅದು ನಮ್ಮಲ್ಲಿ ಪದ್ಧತಿ. ಹೊಳಿಯಪ್ಪನೂ ಅವನ ಜೊತೆಯ ಮೂವರೂ ಬೇಲಿ ದಾಟಿ ಒಳಗೇ ಬಂದರು. ಕುದುರೆ ಹಿಂಗಾಲ ಮೇಲೆ ಎದ್ದಿತು. ನಾನು ಚಪ್ಪಾಳೆ ಹೊಡೆದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ! ಮದುವೆಯಲ್ಲಿ ಮಾಡುವ ಹಾಗೆ ಜೇಬಿನಿಂದ ಒಂದು ನೋಟು ತೆಗೆದು ಅದರ ಮುಖದ ಮುಂದೆ ಎತ್ತಿ ಹಿಡಿದೆ. ಕುದುರೆ ನೋಟನ್ನು ನೋಡಿ ಇನ್ನೂ ಮೇಲೆದ್ದಿತು. ಆಗ ಚಿನ್ನುವಿನ ಮುಖ ಕಂಡಿತು. ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ನನ್ನ ಮಗಳು ಚೀರುತ್ತಿದ್ದಳು, ಹಲಗೆಯ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ನಿಂಗರಾಜ ಹಗ್ಗ ಜಗ್ಗಿದಷ್ಟೂ ಕುದುರೆ ಎಗರುತ್ತಿತ್ತು. ನಾನು ನಿಂತಲ್ಲೇ ನಿಂತಿದ್ದೆ. ಕೈಯಲ್ಲಿ ನೋಟು ಹಾಗೇ ಇತ್ತು.

ಓಡಿದವಳು ಅವ್ವ. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದವಳು ಕುದುರೆಯ ಕಡೆ ಓಡಲಿಲ್ಲ, ಹೊಳಿಯಪ್ಪನ ಕಡೆ ಓಡಿ ಅವನ ಹಲಗೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಉಳಿದ ಮೂವರೂ ಗಾಬರಿಯಾಗಿ ನಿಲ್ಲಿಸಿದರು. ಸದ್ದು ನಿಂತ ಕೂಡಲೇ ಕುದುರೆ ಮುಂಗಾಲು ಇಳಿಸಿ ತಲೆ ತಗ್ಗಿಸಿ ಸುಮ್ಮನೆ ನಿಂತಿತು. ಚಿನ್ನು ಪಕ್ಕಕ್ಕೆ ಜಾರಿ ಬಿದ್ದಳು.

ಎಡಗೈ ಮೂಳೆ ಬಿರುಕು ಬಿಟ್ಟಿತ್ತು. ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುವಾಗ ಅವ್ವ ನನ್ನನ್ನು ಒಂದೇ ಮಾತು ಕೇಳಿದಳು.

“ಚಪ್ಪಾಳಿ ಹೊಡದ್ಯೇನೋ ಗುರುಪಾದ?”

ರಾತ್ರಿಯ ಬಸ್ಸಿಗೆ ಬಂದಿಳಿದ ನೀಲಾ ನನ್ನನ್ನು ದಾಟಿ ನೇರ ಮಗಳ ಹಾಸಿಗೆಯ ಹತ್ತಿರ ಹೋದಳು.

ಎರಡು ದಿನ ಕಳೆದ ಮೇಲೆ ಚಿನ್ನು ಹಠ ಹಿಡಿದು ಅಂಗಡಿಗೆ ಬಂದಳು. ನನ್ನ ಗಾದಿಯ ಹಿಂದಿನ ಗೋಡೆಯನ್ನು ಪ್ಲಾಸ್ಟರ್ ಇಲ್ಲದ ಕೈಯಿಂದ ತೋರಿಸಿದಳು. ಅಲ್ಲಿ ನನ್ನ ಮದುವೆಯ ಫೋಟೋ ಇದೆ. ರುಮಾಲು ಸುತ್ತಿ, ಕಪ್ಪು ಕನ್ನಡಕ ಹಾಕಿ ನಾನು ಕುದುರೆಯ ಮೇಲೆ ಕೂತಿದ್ದೇನೆ. ಕಂದು ಕುದುರೆ. ಹಣೆಯ ಮೇಲೆ ವೀಳ್ಯದೆಲೆಯಷ್ಟು ಬಿಳಿ ಮಚ್ಚೆ. ಮುಂಗಾಲು ಎತ್ತಿದೆ.

ನಾನು ಗಾದಿಯ ಮೇಲೆ ಹತ್ತಿ ಫೋಟೋವನ್ನು ಹತ್ತಿರದಿಂದ ನೋಡಿದೆ. ಹನ್ನೆರಡು ವರ್ಷ ದಿನಾ ಆ ಫೋಟೋ ನೋಡಿದ್ದೇನೆ, ನೋಡಿದ್ದು ನನ್ನ ಮೀಸೆಯನ್ನು. ಫೋಟೋದ ಅಂಚಿನಲ್ಲಿ ಹಗ್ಗ ಹಿಡಿದವರ ಅರ್ಧ ಮುಖವಿತ್ತು. ಮೋದಿನಸಾಬರು.

ಫೋಟೋ ಇಳಿಸಿಕೊಂಡು ಅವರಲ್ಲಿಗೆ ಹೋದೆ. ನಡೆದದ್ದನ್ನು ಕೇಳಿ ಅವರು ಮೊದಲು ಕೂಸಿನ ಕೈ ವಿಚಾರಿಸಿದರು, ಆಮೇಲೆ ಕುದುರೆಯ ಬಾಯಿಗೆ ಗಾಯವಾಯಿತೇ ಎಂದು ಕೇಳಿದರು. ಅದರ ಹೆಸರು ಪ್ರಿನ್ಸ್ ಅಲ್ಲ, ಮೋತಿ. ಕಸುಬು ಬಿಟ್ಟಾಗ ಅದನ್ನು ರೋಣ ರಸ್ತೆಯವರಿಗೆ ಕೊಟ್ಟು, ಹಲಗೆಯ ಹತ್ತಿರ ಒಯ್ಯಬೇಡಿ ಎಂದು ಕೈ ಮುಗಿದು ಹೇಳಿದ್ದರಂತೆ.

“ಹದಿನೆಂಟು ವರ್ಷದ ಕುದುರಿರೀ. ನಾನು ಕಲಿಸಿದ್ದನ್ನ ಇನ್ನೂ ಮರತಿಲ್ಲ ನೋಡ್ರಿ,” ಎಂದು ಫೋಟೋದ ಗಾಜಿನ ಮೇಲೆ ಅದರ ಹಣೆ ಸವರಿದರು.

ಮರುದಿನವೇ ಹೋಗಿ ಅವರು ಮೋತಿಯನ್ನು ವಾಪಸ್ ತಂದರು. ಒಂದು ಕುದುರೆ ಹೋದರೆ ಹೋಗಲಿ, ಮಾತು ಬೆಳೆಯದಿದ್ದರೆ ಸಾಕು ಎಂದು ನಿಂಗರಾಜ ತಕರಾರು ಮಾಡಲಿಲ್ಲವಂತೆ. ಸುದ್ದಿ ಕೇಳಿದ್ದೇ ತಡ, ಚಿನ್ನು ಮತ್ತೆ ಬೆನ್ನು ಹತ್ತಿದಳು. ಇಂದು ಬೆಳಿಗ್ಗೆ ಕರೆದುಕೊಂಡು ಹೋದೆ. ಅವಳು ಕಾರಿನಿಂದ ಇಳಿದವಳೇ ನೇರ ಮೋತಿಯ ಹತ್ತಿರ ಹೋದಳು. ಬೇಡ, ಆ ಕುದುರೆ ನಿನ್ನನ್ನು ಕೆಡವಿದೆ ಎಂದು ಕೂಗಿದೆ.

ಅವಳು ಅದರ ಮೂಗು ಸವರುತ್ತ ತಿರುಗಿ ನೋಡಿದಳು.

“ಕುದುರೀದೇನ್ ತಪ್ಪು ಪಪ್ಪಾ? ಕುಣಿ ಅಂತ ನೀನ ಹೇಳಿದಿ, ಅದು ಕುಣೀತು.”

ಮೋದಿನಸಾಬರು ಒಳಗೆ ಹೋಗಿ ಒಂದು ಬುಟ್ಟಿ, ಒಂದು ಸಲಿಕೆ ತಂದು ನನ್ನ ಮುಂದಿಟ್ಟರು. ನಾನು ಅಂಗಿಯ ತೋಳು ಮಡಚಿಕೊಂಡು ಸಲಿಕೆ ಎತ್ತಿಕೊಂಡೆ.