ಯಾರೂ ಬಿಚ್ಚದ ಎಡಗೈ

ನಾನು ಒಂದು ದೋಷ-ಸಂದೇಶ. ಎಕ್ಸ್‌ಎಂಎಲ್ ಕಡತಗಳನ್ನು ಓದುವ ಒಂದು ಲೈಬ್ರರಿಯಲ್ಲಿ, ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ತಂದು ಬಳಸುವ ಸಿದ್ಧ ಕೋಡಿನಲ್ಲಿ, ಹುಟ್ಟಿದೆ. ನನ್ನನ್ನು ಬರೆದವಳು ಧಾರವಾಡದ ಗಿರಿಜಾ ಮುಧೋಳ.

ಎಕ್ಸ್‌ಎಂಎಲ್ ಎಂದರೆ ಪ್ರತಿಯೊಂದು ಮಾಹಿತಿಗೂ ಹೆಸರಿನ ಗುರುತು ಹಚ್ಚಿ ಕಳಿಸುವ ರೀತಿ. ಅದಕ್ಕೆ ಮಡಿ ಬಹಳ. ತೆರೆದ ಗುರುತನ್ನು ಮುಚ್ಚಲೇಬೇಕು. ಕೆಲವು ಚಿಹ್ನೆಗಳನ್ನು ಇದ್ದ ಹಾಗೆ ಬರೆಯುವಂತಿಲ್ಲ. ತಪ್ಪಿದರೆ ಹಳೆಯ ಲೈಬ್ರರಿಗಳು ಇಡೀ ಪ್ರೋಗ್ರಾಮನ್ನೇ ಕೆಡವಿಬಿಡುತ್ತಿದ್ದವು. ಗಿರಿಜಾ ಫಂಕ್ಷನಲ್ ಪ್ರೋಗ್ರಾಮಿಂಗಿನವಳು. ಆ ಮನೆತನದಲ್ಲಿ ಯಾರನ್ನೂ ಕೆಡವುವುದಿಲ್ಲ, ಉತ್ತರ ಕೊಡುತ್ತಾರೆ. ಓದಲು ಬಂದರೆ ಬಲಗೈಯಲ್ಲಿ ಮಾಹಿತಿ, ಬರದಿದ್ದರೆ ಎಡಗೈಯಲ್ಲಿ ನಾನು.

ನನ್ನ ಬಾಯಲ್ಲಿ ಮೊದಲು ಇದ್ದದ್ದು 'ಅಮಾನ್ಯ' ಎಂಬ ಒಂದೇ ಮಾತು. ಗಿರಿಜಾ ಅದನ್ನು ಅಳಿಸಿದಳು. "ಓದೋರು ಮೊದ್ಲ ಗಾಬರಿ ಆಗಿರ್ತಾರ. ಯಾವ ಸಾಲಿನ್ಯಾಗ ಏನಾತು ಅಂತ ಸಮಾಧಾನದಿಂದ ಹೇಳಬೇಕು" ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ನನಗೆ ಪೂರಾ ವಾಕ್ಯ ಕಲಿಸಿದಳು. ಆಮೇಲೆ ಲೈಬ್ರರಿಯನ್ನು ಬೇಕಾದವರು ಬಳಸಲಿ ಎಂದು ಬಿಟ್ಟುಕೊಟ್ಟಳು.

ಹಾಗೆ ನಾನು ಹುಬ್ಬಳ್ಳಿಯ ಒಂದು ಕಂಪನಿಗೆ ಬಂದೆ. ಅಲ್ಲಿ ಚನ್ನವೀರ ಎಂಬ ಹುಡುಗ ಆಸ್ಪತ್ರೆಯೊಂದಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದ. ಊರಿನ ಕ್ಲಿನಿಕ್ಕುಗಳಿಂದ ರೋಗಿಗಳ ಅಲರ್ಜಿಯ ವಿವರ ಕಡತವಾಗಿ ಬರಬೇಕು, ವಾರ್ಡಿನ ಪರದೆಯ ಮೇಲೆ ಕಾಣಬೇಕು. ಒಂದು ಕ್ಲಿನಿಕ್ಕಿನವರು ಎರಡು ಔಷಧ ಒಗ್ಗದವರಿಗೆ 'ಪೆನಿಸಿಲಿನ್ & ಸಲ್ಫಾ' ಎಂದು ನಡುವೆ & ಹಾಕಿ ಬರೆಯುತ್ತಿದ್ದರು. ಎಕ್ಸ್‌ಎಂಎಲ್‌ಗೆ ಆ ಚಿಹ್ನೆ ಹಾಗೆಯೇ ಬಂದರೆ ಆಗದು. ಒಂದು ಅಲರ್ಜಿ ಇದ್ದವರ ಕಡತ ಸರಾಗವಾಗಿ ಓದಿಸಿಕೊಳ್ಳುತ್ತಿತ್ತು. ಎರಡು ಇದ್ದವರದು ಬಂದಾಗ ನಾನು ಚನ್ನವೀರನ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಎದ್ದು ನಿಲ್ಲುತ್ತಿದ್ದೆ.

"ಏನೋ ಚನ್ನವೀರ, ಪರದೆ ತುಂಬ ಕೆಂಪು ಹಚ್ಚೀಯಲ್ಲ. ನಾಳೆ ನಮ್ಮ ಪ್ರೋಗ್ರಾಮ್ ನೋಡಾಕ ಬರೋ ಡಾಕ್ಟರಿಗೆ ಓಕುಳಿ ಆಡಸ್ತೀಯೇನು?" ಎಂದರು ಅವನ ಮೇಲಧಿಕಾರಿ ಅಂಗಡಿ ಸರ್.

"ಕೆಲವು ಕಡತ ಓದಾಕ ಬರವಲ್ವು ಸರ್. ಯಾಕಂತ ನೋಡ್ತೀನಿ."

"ಆಮ್ಯಾಲ ನೋಡೀಯಂತ. ದೋಷ ಬಂದಲ್ಲಿ ಖಾಲಿ ಅಂತ ತಗೊಂಡು ಮುಂದ ಹೋಗು."

ಚನ್ನವೀರ ಒಂದು ಸಾಲು ಬರೆದ. ಎಡಗೈಯಲ್ಲಿ ಏನೇ ಇದ್ದರೂ ಬಿಸಾಡು, ಬಲಗೈಯಲ್ಲಿ ಖಾಲಿ ಇಡು. ಮಗ್ಗುಲಲ್ಲೇ 'ಇದು ತಾತ್ಕಾಲಿಕ' ಎಂದೂ ಬರೆದ. ಅಂಥ ಟಿಪ್ಪಣಿಗಳನ್ನು ಕಂಪ್ಯೂಟರ್ ಓದುವುದಿಲ್ಲ. ಮರುದಿನ ಡಾಕ್ಟರುಗಳು ಮೆಚ್ಚಿದರು, ಎಲ್ಲರೂ ಗಿರ್ಮಿಟ್ ತಿಂದರು, ಚನ್ನವೀರನನ್ನು ಬೇರೆ ಕೆಲಸಕ್ಕೆ ಹಾಕಿದರು.

ಖಾಲಿ ಇದ್ದಲ್ಲಿ ವಾರ್ಡಿನ ಪರದೆ ಹಸಿರು ಅಕ್ಷರದಲ್ಲಿ 'ಅಲರ್ಜಿ ಇಲ್ಲ' ಎಂದು ತೋರಿಸುತ್ತಿತ್ತು.

ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಶಕುಂತಲಾ ಹಾದಿಮನಿ ಎಂಬಾಕೆಯನ್ನು ನ್ಯುಮೋನಿಯಾ ಎಂದು ಆ ವಾರ್ಡಿಗೆ ತಂದರು. ಮುಖಕ್ಕೆ ಆಕ್ಸಿಜನ್ ಹಾಕಿದ್ದರು. ಸಿಸ್ಟರ್ ಫಿಲೋಮಿನಾ ಆಕೆಯ ಕೂದಲು ಹಿಂದೆ ಸರಿಸಿ, "ಯವ್ವಾ, ನಿಮಗ ಯಾವ್ದರ ಇಂಜೆಕ್ಷನ್ ಆಗಿಬರಂಗಿಲ್ಲೇನು?" ಎಂದು ಕೇಳಿದರು. ಶಕುಂತಲಾ ಕೈ ಅಲ್ಲಾಡಿಸಿದಳು. ನೀರು ಕೇಳುತ್ತಾಳೆಂದು ಸಿಸ್ಟರ್ ಒಂದು ಚಮಚ ನೀರು ಬಾಯಿಗೆ ಬಿಟ್ಟರು.

"ಟೆಸ್ಟ್ ಡೋಸ್ ಕೊಟ್ಟು ನೋಡೋಣೇನ್ರಿ ಡಾಕ್ಟರ್?"

"ಪರದೆನ ಹೇಳ್ತೈತಲ್ಲ ಸಿಸ್ಟರ್. ಹಾಕ್ರಿ."

ಆ ಕ್ಲಿನಿಕ್ಕಿನಿಂದ ಆಕೆಯ ಕಡತ ಬಂದಾಗಲೇ ನಾನು ಹುಟ್ಟಿದ್ದೆ, ನನ್ನ ವಾಕ್ಯ ಪೂರಾ ಸಿದ್ಧವಾಗಿತ್ತು, ನನ್ನನ್ನು ಬಿಸಾಡಲಾಗಿತ್ತು. ಪೆನಿಸಿಲಿನ್ ಒಳಗೆ ಹೋಯಿತು. ಶಕುಂತಲೆಯ ಗಂಟಲು ಬಾತು ಮುಚ್ಚಿಕೊಂಡಿತು. ಸಿಸ್ಟರ್ ಕೊನೆಯವರೆಗೂ ಅವಳ ಕೈ ಹಿಡಿದಿದ್ದರು.

ತನಿಖೆ ನಡೆಯಿತು. ರೋಗಿಯನ್ನು ಸರಿಯಾಗಿ ವಿಚಾರಿಸಲಿಲ್ಲ ಎಂದು ಸಿಸ್ಟರನ್ನು ಕೆಲಸದಿಂದ ತೆಗೆದರು. ಕಂಪನಿಯವರು ತಪ್ಪು ಲೈಬ್ರರಿಯದ್ದೂ ಇರಬಹುದೆಂದು ಗಿರಿಜೆಗೆ ಶಕುಂತಲೆಯ ಕಡತ ಕಳಿಸಿದರು, ತಮ್ಮ ಪ್ರೋಗ್ರಾಮಿನ ತುಣುಕನ್ನೂ ಕಳಿಸಿದರು. ಅವಳು ಚನ್ನವೀರನ ಸಾಲು ಹುಡುಕಿ ಅಂಗಡಿ ಸರ್‌ಗೆ ಫೋನು ಮಾಡಿದಳು.

"ತನಿಖೆ ಮುಗದೈತ್ರಿ ಮೇಡಂ. ಆ ಸಾಲು ಈಗ ತಗದ್ರ ನಮ್ಮದ ತಪ್ಪಂತ ಒಪ್ಪಿಕೊಂಡಂಗ ಆಗ್ತೈತಿ" ಎಂದು ಅವರು ಫೋನು ಇಟ್ಟುಬಿಟ್ಟರು.

ಗಿರಿಜಾ ಲ್ಯಾಪ್‌ಟಾಪ್ ಹಿಡಿದು ಕೇಶ್ವಾಪುರದಲ್ಲಿದ್ದ ಸಿಸ್ಟರ್ ಮನೆಗೆ ಹೋದಳು. ಅವರೆದುರೇ ಶಕುಂತಲೆಯ ಕಡತವನ್ನು ನನಗೆ ಕೊಟ್ಟಳು. 'ಮೂರನೆಯ ಸಾಲಿನಲ್ಲಿ, ಪೆನಿಸಿಲಿನ್ ಎಂಬುದರ ನಂತರ & ಬಂದಿದೆ. ಅಲರ್ಜಿಯ ವಿವರ ಓದಲಾಗಲಿಲ್ಲ. ದಯವಿಟ್ಟು ನೋಡಿ.' ನಾನು ಪೂರಾ ಹೇಳಿದೆ.

ಸಿಸ್ಟರ್ ಎರಡು ಸಲ ಓದಿ ಕಣ್ಣೊರೆಸಿಕೊಂಡರು. "ಹಂಗಾರ ಆಕಿ ನೀರು ಬೇಡಿದ್ದಲ್ಲ" ಎಂದರು. ಚಹಾ ತಂದಿಟ್ಟು ಕೇಳಿದರು: "ಇನ್ನೂ ಎಷ್ಟು ಮಂದಿದು ಹಿಂಗ ಖಾಲಿ ಬಂದಿರಬೇಕ್ರಿ?"

"ತಿಳಿಯೂದಿಲ್ರಿ. ಬಿಸಾಡಿದ್ದನ್ನ ಎಲ್ಲೂ ಬರದಿಟ್ಟಿಲ್ಲ" ಎಂದಳು ಗಿರಿಜಾ.

ನನಗೂ ತಿಳಿಯದು. ಕೈಬಿಟ್ಟ ದೋಷದ ಜಾಗವನ್ನು ಯಂತ್ರ ಆ ಕ್ಷಣವೇ ಒರೆಸಿ ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಈಗ ಲೈಬ್ರರಿಗೆ ಹೊಸ ಆವೃತ್ತಿ ಬಂದಿದೆ, ನಾನು ಹಳಬ. ಆಸ್ಪತ್ರೆಯವರು ಮಾತ್ರ ನನ್ನನ್ನು ಬದಲಿಸಿಲ್ಲ, ಆ ಸಾಲನ್ನೂ ತೆಗೆದಿಲ್ಲ. ಎರಡು ಔಷಧ ಒಗ್ಗದವರು ಆ ವಾರ್ಡಿಗೆ ಬಂದಾಗಲೆಲ್ಲ ನಾನು ಹುಟ್ಟುತ್ತೇನೆ, ಸಮಾಧಾನದಿಂದ ಹೇಳಲು ಬಾಯಿ ತೆರೆಯುತ್ತೇನೆ. ಮೇಲೆ ಪರದೆ ಹಸಿರಾಗುತ್ತದೆ.